ಬೂದಿಯಲ್ಲಿ ಇಲ್ಲದ ತಂತಿ

ಜರಡಿಯಲ್ಲಿ ಮತ್ತೆ ಉಳಿದದ್ದು ಮೊಳೆಗಳು ಮಾತ್ರ. ಅತ್ತಿಗೆ ಇನ್ನೊಂದು ಸಲಿಕೆ ಬೂದಿ ಸುರಿದು ಮೆಲ್ಲಗೆ ಅಲ್ಲಾಡಿಸಿದಳು. ಕಪ್ಪು ಮೊಳೆ, ಡೊಂಕು ಮೊಳೆ, ತಲೆ ಹಾರಿದ ಮೊಳೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೂದಿ ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ ಸ್ವಲ್ಪ ಹೊತ್ತು ನಿಂತು, ಮತ್ತೆ ಗುಂಡಿಗೇ ಇಳಿಯಿತು.

ಗುಂಡಿಯ ಅಂಚಿನಲ್ಲಿ ಹೊಗೆರಾಯ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಊರವರು ಬಿಸಾಡಿದ ಹಳೆಯ ಜೇನುಪೆಟ್ಟಿಗೆಗಳನ್ನು ತಂದು, ಶುಚಿ ಮಾಡಿ, ಹೊಸದಾಗಿ ಜೇನು ಸಾಕುವವರಿಗೆ ಕೊಡುವುದು ಅವನ ಕಸುಬು. ಸದಾ ಜೇನನ್ನು ಸುಮ್ಮನಾಗಿಸುವ ಹೊಗೆಡಬ್ಬಿ ಹಿಡಿದೇ ಓಡಾಡುವುದರಿಂದ ಅವನಿಗೆ ಆ ಹೆಸರು. ಈಗ ಊರ ಜೇನಿಗೆಲ್ಲ, ಮರಿಗಳು ಗೂಡಿನಲ್ಲೇ ಕೊಳೆತು ಸಾಯುವ ಮರಿಕೊಳೆ ರೋಗ ತಗುಲಿ, ಅದಕ್ಕೆ ಅವನ ಪೆಟ್ಟಿಗೆಗಳೇ ಕಾರಣವೆಂಬ ಮಾತೆದ್ದಿತ್ತು. ಹೊತ್ತು ಮುಳುಗುವುದರೊಳಗೆ ಬೇರೆ ಕಾರಣ ತೋರಿಸದಿದ್ದರೆ ಜೇನು ಸಾಕುವವರ ಸಂಘ ಬಂದು ಅವನ ಅಂಗಳದ ಜೀವಂತ ಗೂಡುಗಳನ್ನೂ ಸೀಮೆಎಣ್ಣೆ ಸುರಿದು ಸುಡುವುದಿತ್ತು.

ಅತ್ತಿಗೆ ಎಂದರೆ ಊರಿಗೆಲ್ಲ ಅತ್ತಿಗೆಯೇ. ಸರ ಕಳೆದವರು, ಮೋಸ ಹೋದವರು, ಗುಟ್ಟು ತಾಳಲಾರದವರು ಮೊದಲು ಬಂದು ತಟ್ಟುವುದು ಅವಳ ಬಾಗಿಲನ್ನು. ಆದರೆ ಅವಳನ್ನು ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಈ ಹೊಗೆರಾಯನೊಬ್ಬನಿಗೆ. ಗಂಡನ ಒಬ್ಬನೇ ತಮ್ಮ ಅವನು. ಪರರ ಕಷ್ಟದಲ್ಲಿ ಕಲ್ಲಿನಂತೆ ನಿಲ್ಲುವ ಅತ್ತಿಗೆಗೆ ಇವತ್ತು ಬೆಳಗಿನಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ.

"ತಂತಿ ಎಲ್ಲೋ?" ಎಂದಳು ಅವಳು.

"ಯಾವ ತಂತಿ?"

"ಚೌಕಟ್ಟಿನ ತಂತಿ. ಮರ ಸುಡುತ್ತೆ, ಮೇಣ ಕರಗುತ್ತೆ. ತಂತಿ ಎಲ್ಲಿಗೆ ಹೋಗುತ್ತೆ?"

ಹೊಗೆರಾಯ ಜರಡಿಗೆ ಬಗ್ಗಿ ನೋಡಿದ. ಜೇನುಪೆಟ್ಟಿಗೆಯ ಒಳಗೆ ಮರದ ಚೌಕಟ್ಟುಗಳು ಸಾಲಾಗಿ ತೂಗುತ್ತಿರುತ್ತವೆ. ಒಂದೊಂದಕ್ಕೂ ಅಡ್ಡಡ್ಡವಾಗಿ ತೆಳು ತಂತಿ ಬಿಗಿದಿರುತ್ತದೆ. ಆ ತಂತಿಯ ಆಸರೆಯಲ್ಲೇ ಜೇನು ಮೇಣದ ಎರಿ ಕಟ್ಟುವುದು. ಗುಂಡಿಯಲ್ಲಿ ಸುಟ್ಟದ್ದು ಚೌಕಟ್ಟುಗಳೇ ಆಗಿದ್ದರೆ ಇಷ್ಟು ಹೊತ್ತಿಗೆ ಜರಡಿಯ ತುಂಬ ತಂತಿಯ ಸಿಕ್ಕು ಬಿದ್ದಿರಬೇಕಿತ್ತು.

ಅಲ್ಲ, ಹೊಗೆರಾಯನ ಕ್ರಮದಲ್ಲಿ ತಪ್ಪು ಹುಡುಕುವುದೇ ಕಷ್ಟ. ರೋಗದ ಪೆಟ್ಟಿಗೆ ಬಂದರೆ ಅದರ ಗೋಡೆಗಳನ್ನು ಉಳಿಯಿಂದ ಕೆರೆದು, ಬ್ಲೋ ಲ್ಯಾಂಪಿನ ಉರಿ ಹಿಡಿದು, ಮೂಲೆ ಮೂಲೆಯೂ ಕಾಫಿ ಬಣ್ಣಕ್ಕೆ ತಿರುಗುವವರೆಗೆ ಸುಡುತ್ತಿದ್ದ. ಅಷ್ಟಾದರೆ ಪೆಟ್ಟಿಗೆ ಉಳಿಯಿತು. ಚೌಕಟ್ಟು, ಎರಿಗಳಿಗೆ ಮಾತ್ರ ಅವನ ಹತ್ತಿರ ಕ್ಷಮೆಯಿಲ್ಲ. ಅವನ್ನು ದಪ್ಪ ಗೊಬ್ಬರದ ಚೀಲಕ್ಕೆ ತುಂಬಿ, ಒಂದು ಜೇನೂ ನುಸುಳದಂತೆ ಬಾಯಿ ಹೊಲಿದು ಗೋಡೆಗೆ ಒರಗಿಸಿಡುವನು. ಗಾಳಿಯಿಲ್ಲದ ದಿನ ನೋಡಿ ಚೀಲ ಸಮೇತ ಗುಂಡಿಗೆ ಹಾಕಿ ಸುಡುವನು. ಕೈಗೆ, ಉಳಿಗೆ, ಚಪ್ಪಲಿಗೆ ಕೂಡ ಸೋಡಾ ಬೆರೆಸಿದ ಬಿಸಿನೀರಿನ ಸ್ನಾನ.

ಸುಡುವ ಮೊದಲು ಚೀಲ ಬಿಚ್ಚಿ ನೋಡಿದೆಯಾ ಎಂದು ಕೇಳಿದಳು. ಅವನಿಗೆ ಸಿಟ್ಟೇ ಬಂತು.

"ಹೊಲಿದ ಚೀಲ ಮತ್ತೆ ಬಿಚ್ಚಬಾರದು ಅಂತ ಊರಿಗೆಲ್ಲ ಪಾಠ ಹೇಳೋನು ನಾನು. ನಾನೇ ಬಿಚ್ತೀನಾ ಅತ್ತಿಗೆ?"

"ಅದು ಊರಿಗೆಲ್ಲ ಗೊತ್ತು ಅಂದ್ಮೇಲೆ, ಒಳಗಿದ್ದದ್ದನ್ನ ತೆಗೆದು ಬೇರೇನೋ ತುಂಬಿಟ್ರೂ ನೀನು ನೋಡಲ್ಲ ಅನ್ನೋದೂ ಗೊತ್ತಲ್ವಾ?"

ಅಷ್ಟು ಜಾಗ್ರತೆ ಮಾಡಿ ಮಾಡಿ, ಆ ಜಾಗ್ರತೆಯೇ ಕಳ್ಳನಿಗೆ ಬಾಗಿಲು ತೆರೆದುಕೊಟ್ಟಿತ್ತು.

ಕೊನೆಯ ಸಲಿಕೆಯಲ್ಲಿ ಒಂದು ಚೂರು ಹಿತ್ತಾಳೆ ಸಿಕ್ಕಿತು. ಯಾವುದೋ ಡ್ರಾಯರಿನ ಪುಟ್ಟ ಹಿಡಿ, ಎಲೆಯ ಆಕಾರದ್ದು, ಉರಿಗೆ ಸ್ವಲ್ಪ ಬಾಗಿತ್ತು. ಅತ್ತಿಗೆ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದಳು. ಇದನ್ನು ಎಲ್ಲೋ ಹಿಡಿದು ಎಳೆದದ್ದು ಬೆರಳಿಗೆ ನೆನಪಿತ್ತು, ತಲೆಗೆ ನೆನಪಿರಲಿಲ್ಲ. ಸೋಡಾ ನೀರಿನಲ್ಲಿ ಕುದಿಸಿ, ಒರೆಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಚೌಕಟ್ಟುಗಳಿಗಾಗಿ ಆಸೆಪಟ್ಟಿರಬಹುದಾದವರು ಇಬ್ಬರು. ಮೊದಲನೆಯವನು ಮೇಣದಬತ್ತಿ ಮಾಡುವವನು. ಹಳೆ ಎರಿ ಕೊಡು ಎಂದು ಹೊಗೆರಾಯನ ಬೆನ್ನು ಬಿದ್ದು ಬೈಸಿಕೊಂಡವನು. ರೋಗದ ಮೂಲ ಹುಡುಕುತ್ತ ಬೆಳಗ್ಗೆಯೇ ಅತ್ತಿಗೆ ಅವನ ಕೊಟ್ಟಿಗೆ, ಕಡಾಯಿ, ಹಿತ್ತಿಲ ತಿಪ್ಪೆ ಎಲ್ಲ ನೋಡಿ ಬಂದಿದ್ದಳು. ತಿಪ್ಪೆಯಲ್ಲಿ ಒಂದೆಳೆ ತಂತಿಯೂ ಇರಲಿಲ್ಲ, ಹೊಸದಾಗಿ ಅಗೆದ ಮಣ್ಣೂ ಇರಲಿಲ್ಲ.

ಎರಡನೆಯವರು ಸಂಘದ ಅಧ್ಯಕ್ಷರು. ಹೊಸ ಪೆಟ್ಟಿಗೆ ಮಾಡಿ ಮಾರುವ ಕಾರ್ಖಾನೆ ಅವರದು. ಹೊಗೆರಾಯನ ಮೇಲೆ ಅವರಿಗೆ ಹೊಟ್ಟೆಯುರಿ ಇದ್ದದ್ದು ಗುಟ್ಟೇನಲ್ಲ. ಆದರೆ ಅವರ ತೋಟದಲ್ಲೂ ಅತ್ತಿಗೆ ಒಂದು ಗೂಡಿನ ಎರಿಗೆ ಬೆಂಕಿಕಡ್ಡಿ ಚುಚ್ಚಿ ನೋಡಿದ್ದಳು. ಕಡ್ಡಿಯ ತುದಿಗೆ ಸತ್ತ ಮರಿಯ ಕಂದು ಲೋಳೆ ಹತ್ತಿ, ದಾರದ ಹಾಗೆ ಎಳೆಯಿತು. ಅದೇ ಮರಿಕೊಳೆ. ಅವರದ್ದೆಲ್ಲ ಹೊಚ್ಚಹೊಸ ಪೆಟ್ಟಿಗೆ, ಹೊಗೆರಾಯನ ಒಂದು ಹಲಗೆಯೂ ಅಲ್ಲಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಹವಾಮಾನದ ವಿಷಯ ಎತ್ತಿದ್ದರು.

ಹೊಟ್ಟೆಯುರಿಗೆ ತಮ್ಮ ಜೇನನ್ನೇ ಕೊಲ್ಲುವಷ್ಟು ದಡ್ಡರಲ್ಲ ಅವರು. ಹಾಗಾದರೆ ರೋಗ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋದದ್ದಲ್ಲ. ಎಲ್ಲೋ ಒಂದು ಕಡೆ ಆ ಚೌಕಟ್ಟುಗಳು ತೆರೆದು ಕೂತಿವೆ, ಊರ ಜೇನೆಲ್ಲ ಅಲ್ಲಿಗೆ ಹೋಗಿ ಹಳೆಯ ಜೇನುತುಪ್ಪ ನೆಕ್ಕಿ, ಜೊತೆಗೆ ರೋಗವನ್ನೂ ಮನೆಗೆ ಹೊತ್ತು ತರುತ್ತಿವೆ.

"ಎಲ್ಲೂ ಹೂವಿಲ್ಲ," ಎಂದಳು ಅತ್ತಿಗೆ ಅಂಗಳದ ಗೂಡುಗಳ ಕಡೆ ನೋಡುತ್ತ. "ನಿನ್ನ ಜೇನು ಮಾತ್ರ ಹಬ್ಬದ ಮನೆ ಥರ ಓಡಾಡ್ತಿದೆ."

ಹೊಗೆರಾಯನಿಗೆ ಅರ್ಥವಾಯಿತು. ಹೂವಿಲ್ಲದ ಕಾಲದಲ್ಲಿ ಜೇನೂ ಕಳ್ಳತನಕ್ಕಿಳಿಯುತ್ತದೆ. ಕಳ್ಳನನ್ನು ಹಿಡಿಯಲು ಕಳ್ಳರನ್ನೇ ಹಿಂಬಾಲಿಸಬೇಕು. ಅವನು ಎದ್ದು ಹೋಗಿ ಒಂದು ಬಟ್ಟಲು ಹಿಟ್ಟು ತಂದ.

ಈ ವಿದ್ಯೆ ಅವಳಿಗೆ ಕಲಿಸಿದ್ದು ಗಂಡ. ಗೂಡಿನ ಬಾಗಿಲಲ್ಲಿ ಕೂತು, ಹೊರಟ ಜೇನುಗಳ ಮೇಲೆ ಹಿಟ್ಟು ಊದಿದರೆ ಬೆನ್ನು ಬೆಳ್ಳಗಾಗುತ್ತದೆ. ಆ ಬಿಳಿಯ ಜಾಡು ಹಿಡಿದು ನಡೆಯುವುದು. ಗೂಡಿಗೆ ಮರಳಿದರೆ ಒಂದನ್ನೊಂದು ತಿಕ್ಕಿ ಒರೆಸಿಕೊಂಡುಬಿಡುತ್ತವೆ, ಆದ್ದರಿಂದ ತಡ ಮಾಡುವಂತಿಲ್ಲ. ಎಲ್ಲರೂ ಹಿಟ್ಟು ಊದಿದರೆ ಗಂಡ ಮಾತ್ರ ಬಟ್ಟೆಗೆ ಹಾಕುವ ನೀಲಿ ಊದುತ್ತಿದ್ದ. ಹಿಟ್ಟು ಹೊಟ್ಟೆಗೆ, ನೀಲಿ ಜೇನಿಗೆ ಎನ್ನುವುದು ಅವನ ವಾದ. ಆ ಹುಚ್ಚು ಅವನೊಬ್ಬನದೇ. ಅವನ ಅಂಗಿಯ ಜೇಬೆಲ್ಲ ನೀಲಿಯಾಗಿ, ಒಗೆಯುವಾಗ ಅತ್ತಿಗೆ ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಮೂರು ವರ್ಷದ ಹಿಂದೆ ಗೂಡುಗಳನ್ನು ಲಾರಿಗೆ ಹೇರಿಕೊಂಡು ಹೂವಿರುವ ಕಡೆಗೆ ಹೊರಟವನು ತಿರುಗಿ ಬರಲಿಲ್ಲ. ಲಾರಿ ಹೊಳೆಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಊರ ಕಳೆದದ್ದನ್ನೆಲ್ಲ ಹುಡುಕಿ ಕೊಡುವ ಅತ್ತಿಗೆಗೆ ಅದೊಂದು ಮಾತ್ರ ಕೈಗೆ ಹತ್ತಿರಲಿಲ್ಲ, ಆ ಮಾತನ್ನು ಅವಳೆದುರು ಯಾರೂ ಎತ್ತುತ್ತಿರಲಿಲ್ಲ.

ಅಂಗೈ ಮೇಲಿನ ಹಿಟ್ಟನ್ನು ಅವಳು ಮೆಲ್ಲಗೆ ಊದಿದಳು. ಬಿಳಿ ಬೆನ್ನಿನ ಜೇನುಗಳು ಒಂದು ಕ್ಷಣ ತಬ್ಬಿಬ್ಬಾಗಿ ಸುತ್ತಿ, ಆಮೇಲೆ ಒಂದೇ ದಿಕ್ಕು ಹಿಡಿದವು.

ಅತ್ತಿಗೆ ತಲೆಯೆತ್ತಿಕೊಂಡೇ ನಡೆದಳು. ಮಧ್ಯಾಹ್ನದ ಊರು ಅರ್ಧ ನಿದ್ದೆಯಲ್ಲಿತ್ತು. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ತೂಕಡಿಸುತ್ತಿದ್ದ. ಇಸ್ತ್ರಿ ಅಂಗಡಿಯಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿತ್ತು. ಸಂದಿಯ ಓರೆ ಬಿಸಿಲಿನಲ್ಲಿ ಬಿಳಿ ಚುಕ್ಕಿಗಳು ಆಗೊಂದು ಈಗೊಂದು ತೇಲಿಹೋಗುತ್ತಿದ್ದವು, ಅವಸರವಿಲ್ಲದೆ, ಅವಳು ಬರುವುದನ್ನು ಕಾಯುತ್ತ ಹೋಗುತ್ತಿವೆಯೋ ಎಂಬಂತೆ. ಒಂದನ್ನು ಕಳೆದುಕೊಂಡರೆ ನಿಂತು ಕಾಯುವಳು, ಇನ್ನೊಂದು ಬರುವುದು. ನಡೆಯುತ್ತ ನಡೆಯುತ್ತ ಯಾಕೆ ಹೊರಟೆ ಎಂಬುದೂ ಸ್ವಲ್ಪ ಮರೆತಂತಾಯಿತು. ಪಕ್ಕದಲ್ಲಿ ಯಾರೋ ತಾನೂ ತಲೆಯೆತ್ತಿಕೊಂಡು ನಡೆಯುತ್ತಿದ್ದಾರೆ, ಈಗ ಏನೋ ಹೇಳಿ ನಗಿಸುತ್ತಾರೆ ಅನ್ನಿಸಿತು. ತಿರುಗಿ ನೋಡುವುದು ಬೇಡ ಅನ್ನಿಸಿ ಅವಳು ತಿರುಗಲಿಲ್ಲ.

ಶಾಲೆಯ ಗೋಡೆ ದಾಟಿ ಬಲಕ್ಕೆ, ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ. ಆಮೇಲಿನ ಸಂದಿಯಲ್ಲಿ ಬೇಲಿಯ ಕಲ್ಲು, ಒಡೆದ ಚರಂಡಿ ಹಾಸು, ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಸೀರೆ. ಆ ಸೀರೆ ಅವಳದ್ದೇ.

ಬಿಳಿ ಜೇನುಗಳು ಅವಳ ಮನೆಯ ಹಿಂದುಗಡೆ, ಅಟ್ಟದ ಗಾಳಿಕಿಂಡಿಯೊಳಗೆ ಒಂದರ ಹಿಂದೊಂದು ಹೋಗುತ್ತಿದ್ದವು. ಸೆರಗಿನ ಗಂಟಿನಲ್ಲಿದ್ದ ಹಿತ್ತಾಳೆಯ ಹಿಡಿ ಎಲ್ಲಿಯದೆಂದು ಆಗ ತಲೆಗೂ ನೆನಪಾಯಿತು. ಅಡುಗೆಮನೆಯ ಹಳೇ ಕಪಾಟು ಮುರಿದಾಗ ಅದರ ಹಲಗೆಗಳನ್ನು ಅಟ್ಟಕ್ಕೇರಿಸಿದ್ದು ಅವಳೇ. ಊರ ಮನೆಗಳನ್ನೆಲ್ಲ ಜಾಲಾಡಿದ ಪತ್ತೇದಾರಿಣಿಗೆ ತನ್ನ ತಲೆಯ ಮೇಲಿನ ಅಟ್ಟ ಕಂಡಿರಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಸದ್ದಾಗದಂತೆ ಏಣಿ ಹತ್ತಿದಳು.

ಅಟ್ಟದ ತೊಲೆಗೆ ಉದ್ದಕ್ಕೂ ಹಗ್ಗ ಕಟ್ಟಿತ್ತು. ಹಗ್ಗದಲ್ಲಿ ಚೌಕಟ್ಟುಗಳು, ಒಗೆದ ಬಟ್ಟೆ ಒಣಹಾಕಿದಂತೆ ಸಾಲಾಗಿ ತೂಗುತ್ತಿದ್ದವು. ಗಾಳಿಕಿಂಡಿಯ ಬೆಳಕು ಹಳೆಯ ಎರಿಗಳ ಕಣ್ಣುಕಣ್ಣಿನಲ್ಲಿ ಹೊಕ್ಕು ಅಟ್ಟವೆಲ್ಲ ಹೊಂಬಣ್ಣವಾಗಿತ್ತು. ಮೇಣದ ಘಮ, ಗುಂಯ್ ಎನ್ನುವ ಸಣ್ಣ ಸದ್ದು. ಎದುರಿಗೆ ಟ್ರಂಕಿನ ಮೇಲೆ ಅವಳ ಅತ್ತೆ, ಹೊಗೆರಾಯನ ತಾಯಿ, ಕೂತಿದ್ದರು, ಕೈಯಲ್ಲೊಂದು ಒದ್ದೆ ಬಟ್ಟೆ ಹಿಡಿದು.

"ಮೆಲ್ಲಗೆ ಬಾ," ಎಂದರು ಅತ್ತೆ. ಹೆದರಲಿಲ್ಲ, ಏಳಲೂ ಇಲ್ಲ. "ನೀನು ಒಂದಿನ ಬರ್ತೀಯ ಅಂತ ಗೊತ್ತಿತ್ತು."

ಎಷ್ಟೋ ಕಳ್ಳರೆದುರು ಕೂತು ಬಾಯಿ ಬಿಡಿಸಿದ ಅತ್ತಿಗೆ, ದಿನವೂ ತನ್ನ ತಲೆಗೆ ಎಣ್ಣೆ ಹಚ್ಚುವ ಈ ಹೆಂಗಸಿನ ಮುಂದೆ ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತಳು.

ಅತ್ತೆ ತಾವಾಗಿಯೇ ಹೇಳಿದರು. ದಿನವೂ ಚಿಕ್ಕ ಮಗನಿಗೆ ಊಟದ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದವರು ಅವರೇ. ಎಲ್ಲೋ ಬಿಸಾಡಿದ್ದ ಪೆಟ್ಟಿಗೆಗಳು ಬಂದ ದಿನ ಅವನು ಚೌಕಟ್ಟು ತೆಗೆದು ಚೀಲಕ್ಕೆ ತುಂಬುವುದನ್ನು ನೋಡುತ್ತ ನಿಂತಿದ್ದರು. ಆಗ ತಂತಿಯ ಗಂಟು ಕಣ್ಣಿಗೆ ಬಿತ್ತು. ಎಲ್ಲರೂ ತಂತಿಯ ತುದಿಯನ್ನು ಬಲಕ್ಕೆ ತಿರುವಿ ಬಿಗಿಯುತ್ತಾರೆ. ಇದು ಎಡಕ್ಕೆ ತಿರುವಿದ್ದು. ಊರಲ್ಲಿ ಹಾಗೆ ತಿರುವುತ್ತಿದ್ದ ಎಡಗೈಯವನು ಒಬ್ಬನೇ, ತಿರುಗಿ ಬಾರದ ದೊಡ್ಡ ಮಗ. ಒಂದನ್ನಾದರೂ ಉಳಿಸೋ ಎಂದು ಕೇಳಿದ್ದಕ್ಕೆ ಚಿಕ್ಕವನು, ರೋಗದ್ದಮ್ಮ, ಮುಟ್ಟಬೇಡ ಎಂದು ಚೀಲದ ಬಾಯಿ ಹೊಲಿದಿದ್ದ. ಊಟವಾದ ಮೇಲೆ ಅವನಿಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚುವ ಅಭ್ಯಾಸ. ಅತ್ತೆ ಹೋಗುವಾಗ ಬುಟ್ಟಿಯ ತಳದಲ್ಲಿ ಕಪಾಟಿನ ಹಲಗೆ ಚೂರು ಒಯ್ದು, ಬರುವಾಗ ಬಟ್ಟೆ ಮುಚ್ಚಿ ಚೌಕಟ್ಟು ತಂದು, ವಾರವಿಡೀ ಚೀಲಗಳನ್ನು ಬಿಚ್ಚಿ ಹೊಲಿದಿದ್ದರು. ಹೊಲಿಗೆ ಅವನಿಗೆ ಕಲಿಸಿದ್ದೇ ಅವರಾದ್ದರಿಂದ ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ.

"ಎಡಗೈ, ಎಡಗೈ ಅಂತ ಚಿಕ್ಕಂದಿನಲ್ಲಿ ಅವನ ಕೈ ಮೇಲೇ ಹೊಡೀತಿದ್ದೆ," ಎಂದರು ಅತ್ತೆ. "ಆ ಕೈ ಮಾಡಿದ್ದು ಲೋಕದಲ್ಲಿ ಇಷ್ಟೇ ಉಳಿದಿರೋದು. ಸುಡೋಕೆ ಬಿಡ್ಲಿ ಅಂತೀಯ?"

"ಅತ್ತೆ, ಇದರಿಂದಲೇ ಊರ ಜೇನೆಲ್ಲ ಸಾಯ್ತಿರೋದು."

"ಬಿಸಿನೀರಲ್ಲಿ ಒರೆಸಿದೀನಿ. ಬಿಸಿಲಿಗೆ ಇಟ್ಟಿದೀನಿ."

"ಇದು ಬಿಸಿಲಿಗೆ ಸಾಯೋ ರೋಗ ಅಲ್ಲ. ಎರಿಯಲ್ಲಿ, ಮರದಲ್ಲಿ ಹತ್ತಾರು ವರ್ಷ ಸುಮ್ನೆ ಕೂತಿರುತ್ತೆ. ಜೇನು ಬಂದು ನೆಕ್ಕಿದ್ರೆ ಎದ್ದು ಕೂರುತ್ತೆ." ಅತ್ತಿಗೆ ಅಟ್ಟಕ್ಕೆ ಕಾಲಿಟ್ಟಳು. "ಸಂಜೆ ಬಂದು ಸುಡೋದು ನಿಮ್ಮ ಇನ್ನೊಬ್ಬ ಮಗನ ಗೂಡುಗಳನ್ನ. ಅವನಿಗೆ ಇರೋದು ಅದೊಂದೇ."

ಅತ್ತೆಯ ಕೈಯ ಬಟ್ಟೆ ನೆಲಕ್ಕೆ ಬಿತ್ತು. ಊರಲ್ಲಿ ಏನೋ ಗಲಾಟೆ ಇದೆಯೆಂದು ಅವರಿಗೆ ಗೊತ್ತಿತ್ತು. ಅದರ ಬೇರು ತಮ್ಮ ಅಟ್ಟದಲ್ಲಿದೆ ಎಂದು ಅವರು ಅಂದುಕೊಂಡಿರಲಿಲ್ಲ. ಅಥವಾ ಅಂದುಕೊಳ್ಳುವುದಕ್ಕೆ ಮನಸ್ಸು ಬಿಟ್ಟಿರಲಿಲ್ಲ. ಅತ್ತೆ ಒಂದು ಚೌಕಟ್ಟನ್ನು ಗದ್ದದಿಂದಲೇ ತೋರಿಸಿದರು.

"ಒಂದಾದ್ರೂ ನೀನಿಟ್ಕೋ. ನಿನಗೂ ಬೇಡ್ವಾ?"

ಬೇಕಿತ್ತು. ಬೇಡ ಎಂದರೆ ಸುಳ್ಳಾಗುತ್ತಿತ್ತು. ಅತ್ತಿಗೆ ಸೊಂಟಕ್ಕೆ ಸಿಕ್ಕಿಸಿದ್ದ ಕೈಗವಸು ಹಾಕಿಕೊಂಡು ಬೆರಳನ್ನು ತಂತಿಯ ಆ ಎಡತಿರುವಿನ ಮೇಲೆ ಇಟ್ಟಳು. ರಾತ್ರಿಯೆಲ್ಲ ಅಂಗಳದಲ್ಲಿ ಕೂತು ತಂತಿ ಬಿಗಿಯುತ್ತ, ಸಿಳ್ಳೆ ಹಾಕುತ್ತಿದ್ದವನ ಮಂಡಿ ಅವಳ ಮಂಡಿಗೆ ತಗುಲಿದಂತಾಯಿತು. ಮೂರು ವರ್ಷದಲ್ಲಿ ಅಳದಿದ್ದವಳಿಗೆ ಕಣ್ಣು ತುಂಬಿ ಬಂತು.

"ಅವರೇ ಇದ್ದಿದ್ರೆ ಮೊದಲು ಕಡ್ಡಿ ಗೀರ್ತಿದ್ರು ಅತ್ತೆ," ಎಂದಳು.

ಅತ್ತೆ ನಕ್ಕರು. ನಗುತ್ತಲೇ ಅತ್ತರು. ಆಮೇಲೆ ಎದ್ದು, ಮೂಲೆಯಿಂದ ಖಾಲಿ ಚೀಲ ಎಳೆದು, ಬಾಯಿ ಅಗಲಿಸಿ ಹಿಡಿದರು. ಸಂಘದವರ ಮುಂದೆ ತಪ್ಪು ನಾನೇ ಒಪ್ಪಿಕೊಳ್ಳುತ್ತೇನೆ, ಚಿಕ್ಕವನ ಹೆಸರಿಗೆ ಮಸಿ ಬೇಡ ಎಂದರು.

ಅತ್ತಿಗೆ ಹೊಗೆರಾಯನಿಗೆ ಫೋನು ಮಾಡಿ, ಸಂಘದವರನ್ನು ಅಂಗಳಕ್ಕಲ್ಲ, ನೇರ ಮನೆಗೇ ಕರೆದುಕೊಂಡು ಬಾ, ಕಾರಣ ಕಣ್ಣಾರೆ ತೋರಿಸುತ್ತೇನೆ ಎಂದು ಹೇಳಿದಳು. ಮೂಗು ಬಾಯಿಗೆ ಟವೆಲು ಸುತ್ತಿಕೊಂಡಳು. ಒಂದೊಂದೇ ಚೌಕಟ್ಟು ಬಿಚ್ಚಿ, ಮೇಲಿದ್ದ ಜೇನುಗಳನ್ನು ಮೆತ್ತನೆ ಬ್ರಷ್ಷಿನಿಂದ ಸರಿಸಿ ಚೀಲಕ್ಕಿಳಿಸತೊಡಗಿದಳು. ಬಿಳಿ ಜೇನುಗಳು ಬರಿಗೈಯಲ್ಲಿ ಗಾಳಿಕಿಂಡಿಯಿಂದ ಹೊರಟುಹೋದವು. ಅಟ್ಟದ ಹೊಂಬಣ್ಣ ನಿಧಾನವಾಗಿ ಕೆಂಪಿಗೆ ತಿರುಗುತ್ತಿತ್ತು.

ಕೆಳಗೆ ಬಾಗಿಲ ಸದ್ದಾಯಿತು. ಅಧ್ಯಕ್ಷರ ಗಂಟಲು, ಹೊಗೆರಾಯನ ಚಪ್ಪಲಿ, ಆಮೇಲೆ ಸೀಮೆಎಣ್ಣೆಯ ಡಬ್ಬ ನೆಲಕ್ಕಿಟ್ಟ ಸದ್ದು. ಅಟ್ಟದಲ್ಲಿ ಉಳಿದದ್ದು ಒಂದೇ ಚೌಕಟ್ಟು. ಅತ್ತೆ ಸೂಜಿಗೆ ದಾರ ಪೋಣಿಸಿ ಸಿದ್ಧವಾಗಿದ್ದರು.

ಅತ್ತಿಗೆ ಆ ಚೌಕಟ್ಟು ಎತ್ತಿಕೊಂಡು ಬ್ರಷ್ಷು ತಾಗಿಸಿದಳು, ಕೈ ನಿಂತಿತು.

ಎರಿಯ ಮೂಲೆಯಲ್ಲಿ ಒಂದು ಜೇನು ತಲೆ ಹುದುಗಿಸಿ ಹೀರುತ್ತಿತ್ತು. ಮೊದಲು ಬೆಳಕಿನ ಆಟವೆಂದುಕೊಂಡಳು. ಗಾಳಿಕಿಂಡಿಯ ಕಡೆ ತಿರುಗಿಸಿ ನೋಡಿದಳು. ಅದರ ಬೆನ್ನ ಮೇಲೆ, ರೆಕ್ಕೆಯ ಬುಡದವರೆಗೂ, ಪುಡಿ ಹತ್ತಿತ್ತು. ಪುಡಿ ನೀಲಿಯಾಗಿತ್ತು.

ಅತ್ತೆಗೂ ಕಂಡಿತು. ಸೂಜಿ ಹಿಡಿದ ಕೈ ಗಾಳಿಯಲ್ಲೇ ಉಳಿಯಿತು.

"ನೀನು ನೀಲಿ ಊದಿದ್ಯಾ?"

"ಇಲ್ಲ. ಹಿಟ್ಟು."

ಗೂಡು ಸೇರಿದರೆ ಒರೆಸಿಹೋಗುವ ಬಣ್ಣ ಅದು; ನಿನ್ನೆಯದಲ್ಲ, ಬೆಳಗಿನದೂ ಅಲ್ಲ. ಈ ಮಧ್ಯಾಹ್ನ, ತಾನು ಹಿಟ್ಟು ಊದುತ್ತಿದ್ದ ಹೊತ್ತಿಗೇ, ಜೇನು ಹಾರಿ ಬರುವಷ್ಟು ಹತ್ತಿರದಲ್ಲಿ, ಯಾರೋ ಗೂಡಿನ ಬಾಗಿಲಲ್ಲಿ ಕೂತು ಅಂಗೈಯ ನೀಲಿ ಊದಿದ್ದಾರೆ. ಅವರೂ ಇದೇ ಜಾಡು ಹಿಡಿದು ಹೊರಟಿದ್ದಾರೆ.

ಜೇನು ಹೊಟ್ಟೆ ತುಂಬಿಸಿಕೊಂಡು ಮೇಲೆದ್ದಿತು. ಬಿಳಿ ಜೇನುಗಳು ಹೋದ ಗಾಳಿಕಿಂಡಿಯ ಕಡೆ ಅದು ಹೋಗಲಿಲ್ಲ. ಅಟ್ಟವನ್ನು ಒಂದು ಸುತ್ತು ಹಾಕಿ, ಇನ್ನೊಂದು ಬದಿಯ ಒಡೆದ ಹೆಂಚಿನ ಸಂದಿಯಿಂದ ಹೊರಬಿದ್ದು ಹೊಳೆಯ ದಿಕ್ಕಿಗೆ ತಿರುಗಿತು. ಆ ಕಡೆ ಜೇನು ಸಾಕುವವರು ಯಾರೂ ಇರಲಿಲ್ಲ.

ಈ ಕೊನೆಯ ಚೌಕಟ್ಟು ಚೀಲ ಸೇರಿದರೆ ಹೊಗೆರಾಯನ ಗೂಡುಗಳು ಉಳಿದವು. ಆಮೇಲೆ ನೀಲಿ ಜೇನು ಈ ಅಟ್ಟಕ್ಕೆ ಬರುವ ಕಾರಣವಿಲ್ಲ, ಜಾಡು ಅಲ್ಲಿಗೇ ಮುಗಿಯಿತು. ಇನ್ನೊಂದು ಗಳಿಗೆ ತೆರೆದಿಟ್ಟರೆ ಇನ್ಯಾರದೋ ಗೂಡಿಗೆ ರೋಗ, ಕೆಳಗಿನ ಸೀಮೆಎಣ್ಣೆ ನೇರ ಹೊಗೆರಾಯನ ಅಂಗಳಕ್ಕೆ.

"ಅತ್ತಿಗೆ," ಕೆಳಗಿನಿಂದ ಹೊಗೆರಾಯ ಕೂಗಿದ. "ಹೊತ್ತು ಮುಳುಗ್ತಿದೆ ಅಂತಿದಾರೆ. ಸಿಕ್ತಾ?"

ಅತ್ತೆ ಚೀಲದ ಬಾಯಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದುಬಿಟ್ಟರು.

"ಅದೊಂದು ಬಿಡು," ಎಂದರು ಪಿಸುದನಿಯಲ್ಲಿ. "ಇನ್ನೊಂದು ಸಲ ಬರಲಿ. ಒಂದೇ ಒಂದು ಸಲ."

ಏಣಿಯ ಕೆಳಗಿನ ಮೆಟ್ಟಿಲು ಕಿರುಗುಟ್ಟಿತು, ಅಧ್ಯಕ್ಷರು ಹತ್ತತೊಡಗಿದ್ದರು. ಅತ್ತಿಗೆ ಚೌಕಟ್ಟು ಹಿಡಿದೇ ಒಡೆದ ಹೆಂಚಿನ ಕಡೆ ನೋಡುತ್ತಿದ್ದಳು. ಸಂದಿಯಲ್ಲಿ ಇನ್ನೊಂದು ನೀಲಿ ಜೇನು ಬಂದು ಕೂತಿತು.